ಎದುರುಮನೆ ಜಗಲಿಯ ಬ್ಯಾಗು

“ಯಾರುಂ ಕಿಟ್ಟ ಪೋಗಾದೀಂಗ!” ಯಾರೂ ಹತ್ತಿರ ಹೋಗಬೇಡಿ ಎಂದು ತಮಿಳಿನಲ್ಲಿ ಕೂಗುತ್ತಾ ಕಾವಲುಗಾರ ಮುನುಸ್ವಾಮಿ ವೆಸ್ಟ್ ಮಾಂಬಲಂನ ನಮ್ಮ ಓಣಿಯನ್ನೇ ಖಾಲಿ ಮಾಡಿಸುತ್ತಿದ್ದ. ಎದುರುಮನೆಯ ಜಗಲಿಯ ಮೇಲೆ ಯಾರದೋ ಚರ್ಮದ ಬ್ಯಾಗೊಂದು ಒಂಟಿಯಾಗಿ ಕೂತಿತ್ತು. ಹಾಲಿನವನು ಸೈಕಲ್ ಬಿಟ್ಟು ಓಡಿದ.

ಎಪ್ಪತ್ತರ ದಶಕದ ಕೊನೆಯ ಮಾತು. ಗಿಂಡಿಯ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆಗಿದ್ದ ನಮ್ಮವರಿಗೆ ಬೆದರಿಕೆ ಪತ್ರ ಬಂದಿತ್ತು. ಅದಕ್ಕೆ ಕಂಪನಿಯವರು ಈ ಮಾಜಿ ಸೈನಿಕನನ್ನು ಮನೆಗೆ ಕಳಿಸಿದ್ದರು. ಸಾಹೇಬರು ದಿನಾ ಒಂದೇ ಹೊತ್ತಿಗೆ ಹೊರಡಕೂಡದು ಎಂಬುದು ಅವನ ಕಟ್ಟಪ್ಪಣೆ. ಆ ಸೋಮವಾರಕ್ಕೆ ಎಂಟು ಗಂಟೆ ಎಂದು ಗೊತ್ತುಮಾಡಿದ್ದ. ಅವನಿಗೆ ನಮ್ಮ ಮನೆಯಲ್ಲಿ ಅದು ಎರಡನೇ ದಿನ.

ಗದ್ದಲ ಕೇಳಿ ಅತ್ತೆ ಹೊರಗೆ ಬಂದರು. “ಅಯ್ಯೋ, ಅದು ನಮ್ಮ ರಾಘುದು ಕಣಪ್ಪಾ! ಏಳೂವರೆಗೆ ರಾಹುಕಾಲ ಬರತ್ತೆ. ನೀನು ನೋಡಿದ್ರೆ ಎಂಟಕ್ಕೇ ಹೊರಡಬೇಕು ಅಂತೀಯ. ಅದಕ್ಕೇ ಮುಂಚೇನೇ ಅವನ ಬ್ಯಾಗು ಆಚೆ ಮನೇಲಿ ಪರಸ್ಥಾನ ಇಟ್ಟೆ. ಶಾಸ್ತ್ರದ ಪ್ರಕಾರ ಅವನು ಆಗಲೇ ಹೊರಟಾಯ್ತು!”

ಹೊರಟಾಗಿದ್ದ ನಮ್ಮವರು ಒಳಗೆ ಇನ್ನೂ ಎರಡನೇ ದೋಸೆಗೆ ಕಾಯುತ್ತಿದ್ದರು. ಮುನುಸ್ವಾಮಿ ಬೆವರು ಒರೆಸಿಕೊಂಡ.

ಪತ್ರ ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆದರೆ ಮುಂದೊಂದು ದಿನ ಮುನುಸ್ವಾಮಿ ರಜೆಯ ಮೇಲೆ ಊರಿಗೆ ಹೊರಟಾಗ, ರಾಹುಕಾಲಕ್ಕೆ ಮುಂಚೆಯೇ ಅದೇ ಜಗಲಿಯ ಮೇಲೆ ಖಾಕಿ ಚೀಲವೊಂದು ಬಂದು ಕೂತಿತ್ತು. ಪಕ್ಕದಲ್ಲಿ ಅತ್ತೆ ಅದಕ್ಕೆ ಕಾವಲು ಕೂತಿದ್ದರು.