ಬಸ್ಸು ಹೊರಡುವುದರೊಳಗೆ ಲ್ಯಾಪ್‌ಟಾಪ್ ಬದುಕಿಸುವ ಸ್ಕ್ರೂ ಅಕ್ಕ

ಬೆಳಗಿನ ಐದೂಮುಕ್ಕಾಲು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಎದ್ದು ನಿಂತರೆ ತಲೆ ತಾಗುವಷ್ಟು ಇಕ್ಕಟ್ಟು, ಹಾಗಾಗಿ ಕೆಲಸವೆಲ್ಲ ಕೂತೇ ನಡೆಯಬೇಕು. ನಡುವಯಸ್ಸಿನ ಹೆಂಗಸೊಬ್ಬರು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪೊಂದರ ಬೆನ್ನಿನ ಚಿತ್ರ ಬರೆಯುತ್ತಿದ್ದಾರೆ. ಒಂದು ಸ್ಕ್ರೂ ಬಿಚ್ಚುತ್ತಾರೆ, ಅದು ಎಲ್ಲಿತ್ತೋ ಚಿತ್ರದಲ್ಲಿ ಅಲ್ಲೇ ಟೇಪು ಹಾಕಿ ಅಂಟಿಸುತ್ತಾರೆ. ಆಮೇಲೆ ಇನ್ನೊಂದು. ನಿಲ್ದಾಣದವರೆಲ್ಲ ಇವರನ್ನು ‘ಸ್ಕ್ರೂ ಅಕ್ಕ’ ಎಂದೇ ಕರೆಯುತ್ತಾರೆ.

“ತಲೇಲಿ ಸ್ಕ್ರೂ ಸಡಿಲ ಆಗಿರೋರನ್ನೂ ಇಲ್ಲಿಗೇ ಕಳಿಸ್ತಾರೆ ಈ ಡ್ರೈವರುಗಳು. ನೀವೂ ಹಾಗೇ ಬಂದ್ರಾ?” ಎಂದು ನನ್ನನ್ನು ಕೇಳುತ್ತಾರೆ.

ನಾನು ಬಂದಿರುವುದು ಒಂದು ಋಣ ತೀರಿಸಲು. ಹೋದ ವರ್ಷ ಪತ್ರಿಕೆಯ ಕೆಲಸಕ್ಕೆ ಊರೂರು ಸುತ್ತುತ್ತಿದ್ದಾಗ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಇವರು ಒಂದೂವರೆ ಗಂಟೆಯಲ್ಲಿ ಅದಕ್ಕೆ ಜೀವ ತಂದರು. ಅವತ್ತು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನೆಟ್ಟಗೆ ಒಂದು ಧನ್ಯವಾದವನ್ನೂ ಹೇಳಲಿಲ್ಲ. ಆ ಸಂಕೋಚ ಇನ್ನೂ ಇದೆ.

ಇವತ್ತು ಎದುರಿನ ಸ್ಟೂಲಿನ ಮೇಲೆ ಕೂತಿರುವವರು ಮಕ್ಕಳಿಗೆ ಶ್ರವಣ ಸಾಧನ ಹೊಂದಿಸುವ ತಂತ್ರಜ್ಞರು. ರಾತ್ರಿಯೆಲ್ಲ ಪ್ರಯಾಣ ಮಾಡಿ ಇಳಿದಿದ್ದಾರೆ. ಅವರ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಮೂರು ನಿಮಿಷಕ್ಕೆ ಕಾದು ಕೆಂಡವಾಗಿ ಆರಿಹೋಗುತ್ತದೆ. ಎಂಟೂವರೆಯ ಬಸ್ಸು ಹಿಡಿದು ಅವರು ಒಂದು ಶಾಲೆ ತಲುಪಬೇಕು. ಅಲ್ಲಿ ಇಪ್ಪತ್ತಾರು ಮಕ್ಕಳು ಕಾಯುತ್ತಿದ್ದಾರೆ.

“ಆಫೀಸಿನವರು ಹೊಸದು ತಗೊಳ್ಳಿ ಅಂತಾರಮ್ಮ. ಆದ್ರೆ ಕಿವಿ ಮಿಷನ್ ಹೊಂದಿಸೋ ಸಾಫ್ಟ್‌ವೇರ್ ಇದರಲ್ಲಿ ಮಾತ್ರ ಇದೆ. ಹೊಸದಕ್ಕೆ ಹಾಕಿಸೋಕೆ ಹದಿನೈದು ದಿನ ಬೇಕು. ಇವತ್ತು ತಪ್ಪಿದ್ರೆ ನಾನು ಆ ಕಡೆ ಹೋಗೋದು ಇನ್ನು ಮೂರು ತಿಂಗಳಿಗೆ,” ಎನ್ನುವಾಗ ಅವರ ದನಿ ಕುಗ್ಗುತ್ತದೆ.

ಅಕ್ಕ ತಲೆಯೆತ್ತದೆ ಹೇಳುತ್ತಾರೆ: “ಏಳು ಗಂಟೆಗೆ ಹೇಳ್ತೀನಿ, ಆಗುತ್ತೋ ಇಲ್ವೋ ಅಂತ. ಅಲ್ಲೀವರೆಗೂ ಮುಖ ತೊಳ್ಕೊಂಡು ಬನ್ನಿ.”

ಈ ‘ಇಲ್ವೋ’ ಎನ್ನುವುದು ಬರೀ ಬಾಯಿಮಾತಲ್ಲ. ದಿನಕ್ಕೆ ಹತ್ತು ಜನ ಬಂದರೆ ನಾಲ್ವರಿಗೆ ಹೊಸದು ಕೊಳ್ಳಿ ಎಂದು ಇವರೇ ಹೇಳಿ ಕಳಿಸುತ್ತಾರೆ. “ದಾರೀಲಿ ಇರೋರಿಗೆ ಸುಳ್ಳು ಆಸೆ ತೋರಿಸಬಾರದು. ಬಸ್ಸೂ ಹೋಗುತ್ತೆ, ಕೆಲಸಾನೂ ಕೆಡುತ್ತೆ,” ಎನ್ನುತ್ತಾರೆ.

ಕೆಲಸ ಕಲಿಸಿದ್ದು ಮಾವ. ರೇಡಿಯೊ ರಿಪೇರಿ ಮಾಡುತ್ತಿದ್ದ ಅವರು ಸೊಸೆಯ ಕೈಗೆ ಸ್ಕ್ರೂಡ್ರೈವರ್ ಕೊಟ್ಟಾಗ ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದರಂತೆ. ಗಂಡ ಇದೇ ನಿಲ್ದಾಣದ ಲಗೇಜು ಕೋಣೆ ನೋಡಿಕೊಳ್ಳುತ್ತಾರೆ. “ನಮ್ಮನೆಯವರಿಗೆ ರಿಮೋಟಿಗೆ ಸೆಲ್ ಹಾಕೋಕೂ ಬರಲ್ಲ. ಮಾವ ಪಾಪ, ಮಗನ ಆಸೆ ಬಿಟ್ಟು ನನ್ನ ಹಿಡ್ಕೊಂಡ್ರು,” ಎಂದು ಅಕ್ಕ ನಗುತ್ತಾರೆ. ಇವತ್ತಿಗೂ ಕೆಲವರು ಇವರ ತಲೆಯ ಮೇಲಿಂದ ಒಳಗೆ ಇಣುಕಿ, ರಿಪೇರಿಯವರು ಇಲ್ವಾ ಎಂದು ಕೇಳುತ್ತಾರೆ. “ಇದಾರೆ, ಕರೀತೀನಿ ಅಂತೀನಿ. ಒಂದ್ಸಲ ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿ, ಹೇಳಿ ಸಾರ್ ಅಂತೀನಿ.”

ಹಾಳೆಯ ಚಿತ್ರದ ಬಗ್ಗೆ ಕೇಳಿದಾಗ ಮಾತ್ರ ನಗು ಮಾಯವಾಗುತ್ತದೆ. ಕಲಿತ ಹೊಸದರಲ್ಲಿ ಇವರು ಗಿಡ್ಡ ಸ್ಕ್ರೂ ಇರಬೇಕಾದ ತೂತಿಗೆ ಉದ್ದದ ಸ್ಕ್ರೂ ಹಾಕಿ ತಿರುಗಿಸಿದ್ದರು. ಅದು ಬೋರ್ಡಿನೊಳಕ್ಕೆ ಇಳಿದು ಲ್ಯಾಪ್‌ಟಾಪ್ ಸತ್ತೇಹೋಯಿತು. ಕೆಲಸದ ಸಂದರ್ಶನಕ್ಕೆಂದು ಹೊರಟಿದ್ದ ಹುಡುಗಿಯೊಬ್ಬಳ ಯಂತ್ರ ಅದು. “ಅವಳು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಹೋಗ್ಲಿ ಬಿಡಿ ಅಂದ್ಬಿಟ್ಳು. ಅವತ್ತಿಂದ ಚಿತ್ರ ಬರೀದೆ ಒಂದು ಸ್ಕ್ರೂನೂ ಮುಟ್ಟಿಲ್ಲ.”

ಏಳಕ್ಕೆ ಐದು ನಿಮಿಷವಿದೆ. ಯಂತ್ರದೊಳಗಿನ ಪುಟ್ಟ ಫ್ಯಾನು ತಿರುಗದೆ ಕಚ್ಚಿಕೊಂಡಿದೆ. ಅದೇ ಅಳತೆಯ ಹೊಸದು ಸಿಗುವುದಿಲ್ಲ. ಅಕ್ಕ ಕೆಟ್ಟ ಲ್ಯಾಪ್‌ಟಾಪುಗಳ ರಾಶಿಯನ್ನೆಲ್ಲ ತಡಕಿ, ಆರನೆಯದರಲ್ಲಿ ಹೊಂದುವ ಒಂದನ್ನು ಹುಡುಕಿ ತೆಗೆಯುತ್ತಾರೆ. ಧೂಳು ಒರೆಸಿ ಕೂರಿಸಿ, ಚಿತ್ರ ನೋಡುತ್ತ ಒಂದೊಂದೇ ಸ್ಕ್ರೂ ಹಾಕಿ ಆನ್ ಮಾಡುತ್ತಾರೆ. ಮೂರು ನಿಮಿಷ ದಾಟುತ್ತದೆ. ಹತ್ತೂ ದಾಟುತ್ತದೆ. ಮುಖ ತೊಳೆದು ಬಂದ ತಂತ್ರಜ್ಞರು ಪರದೆಯನ್ನೇ ನೋಡುತ್ತಿದ್ದಾರೆ. ಅರ್ಧ ಗಂಟೆಯಾದರೂ ಅದು ಆರುವುದಿಲ್ಲ.

“ಹಳೇ ಫ್ಯಾನು, ಸ್ವಲ್ಪ ಗುರ್ ಅನ್ನುತ್ತೆ. ಬೇಜಾರು ಮಾಡ್ಕೋಬೇಡಿ,” ಎಂದು ಅಕ್ಕ ಯಂತ್ರ ಕೊಡುತ್ತಾರೆ. ತಂತ್ರಜ್ಞರು ಕೈಮುಗಿದು ಬಸ್ಸಿನ ಕಡೆ ಓಡುತ್ತಾರೆ.

ಇಂಥವರು ದಾರಿಯಲ್ಲಿ ಸಿಗುತ್ತಾರೆಂಬ ಧೈರ್ಯದಲ್ಲೇ ನಮ್ಮಂಥವರು ಮನೆ ಬಿಟ್ಟು ಹೊರಡುವುದು ಎಂದು ನಾನು ಹೇಳುತ್ತೇನೆ, ಒಂದು ವರ್ಷದಿಂದ ಉಳಿಸಿಕೊಂಡಿದ್ದ ಧನ್ಯವಾದವನ್ನೂ ಸೇರಿಸಿ. ಅಕ್ಕ ಮುಜುಗರದಿಂದ ಕೈ ಅಲ್ಲಾಡಿಸುತ್ತಾರೆ. “ಇದನ್ನೆಲ್ಲ ಪೇಪರಲ್ಲಿ ಹಾಕ್ಬೇಡಿ. ನಾನೇನು ಮಾಡಿದೀನಿ ಅಂತ?”

ನಾನಿನ್ನೂ ಅಲ್ಲೇ ಇರುವಾಗ, ಹನ್ನೊಂದೂಕಾಲಿಗೆ ಅಕ್ಕನ ಫೋನು ರಿಂಗಾಗುತ್ತದೆ; ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕುತ್ತಾರೆ. ಆ ಕಡೆ ತಂತ್ರಜ್ಞರು. ಹಿಂದೆ ಮಕ್ಕಳ ಗಲಾಟೆ.

“ಏನಾಯ್ತು, ಮತ್ತೆ ಆಫ್ ಆಯ್ತಾ?” ಅಕ್ಕನ ದನಿಯಲ್ಲಿ ಗಾಬರಿ.

“ಇಲ್ಲಮ್ಮ, ನಿಮ್ಮ ಮೇಲೆ ಒಂದು ದೂರಿದೆ. ಇಲ್ಲೊಂದು ಹುಡುಗಿ, ಈಗ ತಾನೇ ಕಿವಿಗೆ ಮಿಷನ್ ಹೊಂದಿಸ್ದೆ. ಲ್ಯಾಪ್‌ಟಾಪ್ ಕಡೆ ಬೆರಳು ತೋರಿಸ್ತಾ, ಅದು ತುಂಬ ಸದ್ದು ಮಾಡ್ತಿದೆ, ನಿಲ್ಲಿಸಿ ಅಂತ ಸನ್ನೆ ಮಾಡ್ತಿದಾಳೆ.”

ಅಕ್ಕ ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

“ಇದೊಂದನ್ನ ಬರ್ಕೊಳ್ಳಿ.”