ಹೆಸರಿಲ್ಲದ ಶ್ರದ್ಧಾಂಜಲಿ

ಕೋವಿಡ್ ಅಡಗಿದ ಮರುವರ್ಷ ನಾನು ಕಲಬುರಗಿಯ ಒಂದು ತೊಗರಿಬೇಳೆ ಕಂಪನಿಯಲ್ಲಿ ಕಂಪನಿ ಸೆಕ್ರೆಟರಿಯಾಗಿದ್ದೆ. ಹುದ್ದೆಯ ಹೆಸರು ಕೇಳಿದವರು ಟೈಪಿಂಗ್ ಕೆಲಸ ಅಂದುಕೊಳ್ಳುತ್ತಾರೆ. ನಮ್ಮ ಅತ್ತೆಯವರೂ ಬಹುದಿನ ಹಾಗೇ ತಿಳಿದಿದ್ದರು. ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿದ ಕಂಪನಿ ಹೊರಗಿನವರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದಕ್ಕೆ ಕಾನೂನಿದೆ. ಆ ಹೇಳಿಕೆಯ ಕೆಳಗೆ ಸಹಿ ಮಾಡುವುದು ನನ್ನ ಕೆಲಸ. ಕಂಪನಿಯ ವೆಬ್‌ಸೈಟ್ ಕೂಡ ನನ್ನ ಪಾಲಿಗೇ ಬಂದಿತ್ತು.

ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್ ಶರಣಪ್ಪ ಸಾಹುಕಾರರು. ಅವರ ಅಜ್ಜನ ಕಾಲದಿಂದಲೂ ಊರಿನ ಧಾನ್ಯದ ಪೇಟೆಯಾದ ನೆಹರು ಗಂಜ್‌ನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇತ್ತು. ಕಮಲಾಪುರದ ಹತ್ತಿರ ಹೊಸ ಮಿಲ್ಲು ಕಟ್ಟಲು ಅವರು ಜನರಿಂದ ಷೇರು ಬಂಡವಾಳ ಎತ್ತಿದ್ದರು. ಕಚೇರಿ ಮಾತ್ರ ಗಂಜ್‌ನ ಹಳೆಯ ಅಂಗಡಿಯ ಮೇಲೆಯೇ ಉಳಿದಿತ್ತು.

ಹೂಡಿಕೆದಾರರಿಗೆ ಇಂಗ್ಲಿಷ್ ಪುಟಗಳಿದ್ದ ಹಾಗೆ ರೈತರಿಗೂ ಕೆಲಸಗಾರರಿಗೂ ಕನ್ನಡದ ಪುಟ ಬೇಕು ಎಂದು ನಾನು ಹಟ ಹಿಡಿದಾಗ ಸಾಹುಕಾರರು ನಕ್ಕಿದ್ದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಅವರು ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು.

“ಬಾಯಾರ, ನಮ್ಮ ಹಮಾಲರು ವೆಬ್‌ಸೈಟ್ ನೋಡ್ತಾರೇನ್ರಿ?”

“ಫೋನ್ ನೋಡ್ತಾರಲ್ರಿ. ಅದರಾಗೇ ಇರ್ತದ.”

ಆ ಪುಟದಲ್ಲಿ ದಿನದ ತೊಗರಿ ಖರೀದಿ ದರ ಹಾಕತೊಡಗಿದೆವು. ಒಂದೇ ಸುಗ್ಗಿಯಲ್ಲಿ ಅದು ಕಮಲಾಪುರ ಸುತ್ತಿನ ಊರುಗಳಿಗೆ ರೂಢಿಯಾಯಿತು. ಬೆಳಿಗ್ಗೆ ಎದ್ದು ದರ ನೋಡುವುದು, ಆಮೇಲೆ ಚಹಾ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಈ ರೂಢಿ ನೆನಪಿರಬೇಕು.

ಸುಗ್ಗಿ ಜೋರಾಗಿದ್ದ ಒಂದು ಬೆಳಿಗ್ಗೆ ಮಿಲ್ಲಿನಲ್ಲಿ ಸ್ಫೋಟವಾಯಿತು. ಬೇಳೆ ಒಡೆಯುವಾಗ ಏಳುವ ಹೊಟ್ಟಿನ ದೂಳು ನೋಡಲು ನಿರುಪದ್ರವಿ. ಮುಚ್ಚಿದ ಜಾಗದಲ್ಲಿ ಅದು ಗಾಳಿಯ ತುಂಬ ತೇಲುತ್ತಿರುವಾಗ ಒಂದು ಕಿಡಿ ಬಿದ್ದರೆ ಮದ್ದಿನ ಹಾಗೆ ಸಿಡಿಯುತ್ತದೆ. ಒಳಗೆ ಒಂಬತ್ತು ಮಂದಿ ಇದ್ದರು. ಸಿಕ್ಕ ಗಾಡಿಗಳಲ್ಲಿ ಹಾಕಿಕೊಂಡು ಅವರನ್ನು ಕಲಬುರಗಿಯ ಬೇರೆ ಬೇರೆ ಆಸ್ಪತ್ರೆಗಳಿಗೆ ತಂದರು. ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ, ಕಾಶಿನಾಥ ದಾರಿಯಲ್ಲೇ ತೀರಿಕೊಂಡಿದ್ದ.

ನಾನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಒಬ್ಬೊಬ್ಬರನ್ನೂ ಕಣ್ಣಾರೆ ನೋಡಿದೆ. ಮುಖಕ್ಕೆ ಮುಲಾಮು ಬಳಿದಿದ್ದರಿಂದ ಇಬ್ಬರ ಗುರುತು ಸಿಗಲಿಲ್ಲ. ಹೆಸರು ಕೇಳಿ ಅವರ ಬಾಯಿಂದಲೇ ಖಚಿತ ಮಾಡಿಕೊಂಡೆ. ಆಮೇಲೆ ವರಾಂಡದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಷೇರುಪೇಟೆಗೆ ಸೂಚನೆ ಕಳಿಸಿದೆ. ಕಂಪನಿಯ ಷೇರು ಬೆಲೆಯನ್ನು ಏರುಪೇರು ಮಾಡಬಲ್ಲ ಘಟನೆಯನ್ನು ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮ ಅದು. ಅವಘಡವಾಗಿದೆ, ಒಬ್ಬರು ಮೃತಪಟ್ಟಿದ್ದಾರೆ, ಎಂಟು ಮಂದಿಗೆ ಚಿಕಿತ್ಸೆ ನಡೆದಿದೆ, ಉತ್ಪಾದನೆ ನಿಂತಿದೆ, ಹೆಚ್ಚಿನ ವಿವರ ವೆಬ್‌ಸೈಟಿನಲ್ಲಿ ಸಿಗುತ್ತದೆ ಎಂದು ಬರೆದೆ. ಕನ್ನಡ ಪುಟದಲ್ಲಿ ಒಂದು ಸಹಾಯವಾಣಿ ನಂಬರ್ ಹಾಕಿಸಿದೆ. ಹೆಸರು ಹಾಕಲಿಲ್ಲ. ಕಾಶಿನಾಥನ ಮನೆಯವರಿಗೆ ಹಿರಿಯರು ಹೋಗಿ ಹೇಳಿದ ಮೇಲೆಯೇ ಹೆಸರು ಎಂದು ಸಾಹುಕಾರರೂ ನಾನೂ ಫೋನಿನಲ್ಲಿ ಮಾತಾಡಿಕೊಂಡಿದ್ದೆವು.

ಸ್ವಲ್ಪ ಹೊತ್ತಿಗೆ ಸೊಲ್ಲಾಪುರದ ಒಬ್ಬ ಷೇರುದಾರರು ಫೋನ್ ಮಾಡಿದರು. ಮರಾಠಿಯಲ್ಲಿ ಕೂಗಾಡುತ್ತಿದ್ದರು. ವೆಬ್‌ಸೈಟ್ ಮುಚ್ಚಿದ್ದೀರಿ, ಓಡಿಹೋಗುವ ತಯಾರಿಯೇ ಎಂದು ಕೇಳಿದರು. ನಾನು ತೆರೆದು ನೋಡಿದೆ. ದರ ಇರಲಿಲ್ಲ, ಸಹಾಯವಾಣಿ ಇರಲಿಲ್ಲ, ಹೂಡಿಕೆದಾರರ ಪುಟಗಳೂ ಇರಲಿಲ್ಲ. ಪರದೆಯ ತುಂಬ ಕಪ್ಪು ಬಣ್ಣ, ನಡುವೆ ಒಂದು ದೀಪದ ಚಿತ್ರ, ಅದರ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಯಾರಿಗೆ ಎಂಬುದು ಮಾತ್ರ ಇರಲಿಲ್ಲ.

ಆಟೋ ಹಿಡಿದು ಗಂಜ್‌ಗೆ ಹೋದೆ. ಕೆಳಗಿನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಸಾಹುಕಾರರು ಮೇಲೆ ಗಾದಿಯ ಮೇಲೆ ಕೂತಿದ್ದರು. ಕಣ್ಣುಗಳು ಕೆಂಪಾಗಿದ್ದವು.

“ಸೈಟ್ ಯಾರು ಬಂದ್ ಮಾಡ್ಸ್ಯಾರ್ರಿ?”

“ನಾನೇ ಮಾಡ್ಸೀನಿ. ಕಾಶಿ ನಮ್ಮ ಅಪ್ಪನ ಕೈಯಾಗ ಬೆಳೆದಾಂವ. ಗಂಜ್‌ನಾಗ ಯಾರೇ ಸತ್ತರೂ ಅಂಗಡಿ ತೆರೀತೀವೇನ್ರಿ? ಹೆಣ ಇನ್ನಾ ಮನಿಗೆ ಹೋಗಿಲ್ಲ, ನಾವು ತೊಗರಿ ದರ ತೋರಿಸ್ಕೊಂತ ಕೂಡೂದೇನು?”

ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಇದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಗಂಜ್‌ನಲ್ಲಿ ಬಾಗಿಲು ಮುಚ್ಚುವುದು ಮರ್ಯಾದೆ. ಓಣಿಯವರೆಲ್ಲ ಒಬ್ಬರನ್ನೊಬ್ಬರು ಬಲ್ಲವರು. ಸತ್ತವರು ಯಾರೆಂದು ಶಟರ್ ನೋಡಿ ಕೇಳಬೇಕಾಗಿಲ್ಲ. ಫೋನಿನಲ್ಲಿ ನೋಡುವವರಿಗೆ ಆ ಓಣಿ ಇಲ್ಲ.

ಅಷ್ಟರಲ್ಲಿ ಮಿಲ್ಲಿನ ಗೇಟಿನಿಂದ ಕಾವಲುಗಾರನ ಫೋನ್ ಬಂತು. ಕೆಲಸಗಾರರ ಮನೆಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ಎಲ್ಲರ ಕೈಯಲ್ಲೂ ಅದೇ ಕಪ್ಪು ಪುಟ.

“ಎಂಟು ಮಂದಿ ಜೀವಂತ ಹಾರಂತ ಹೆಸರು ಹಾಕಿಬಿಡ್ರಿ ಬಾಯಾರ,” ಎಂದರು ಸಾಹುಕಾರರು, ಎದ್ದು ನಿಂತು.

“ಎಂಟು ಹಾಕಿದ್ರ ಒಂಬತ್ತನೇದು ತಾನಾಗೇ ತಿಳೀತದ. ಕಾಶಿನಾಥನ ಹೆಂಡತಿಗೆ ಹೇಳ್ಯಾರೇನು?”

ಅವರು ಮುಖ ಒರೆಸಿಕೊಂಡರು. ಹೇಳಬೇಕಾದ ಕಾಶಿನಾಥನ ಅಣ್ಣ ಶವಾಗಾರದ ಮುಂದೆ ಕೂತಿದ್ದ. ಯಾರೂ ಹೋಗಿರಲಿಲ್ಲ.

ನಾವಿಬ್ಬರೇ ಕಾರು ಹತ್ತಿದೆವು. ಹುಮ್ನಾಬಾದ್ ರಸ್ತೆಯ ಆ ದಾರಿ ನನಗೆ ಎಂದೂ ಅಷ್ಟು ಉದ್ದ ಅನಿಸಿರಲಿಲ್ಲ. ನಾವು ತಡ ಮಾಡಿದ ಪ್ರತಿ ಗಳಿಗೆಯೂ ಒಂಬತ್ತು ಮನೆಗಳಲ್ಲಿ ಸಾವು ಇತ್ತು. ನಿಜವಾಗಿ ಇದ್ದದ್ದು ಒಂದರಲ್ಲಿ. ಕಮಲಾಪುರ ಬಂದಾಗ ರಸ್ತೆ ಬದಿಯಲ್ಲಿ ಎಂದಿನಂತೆ ಕೆಂಪು ಬಾಳೆಹಣ್ಣಿನ ಗೊನೆಗಳನ್ನು ತೂಗುಹಾಕಿ ಮಾರುತ್ತಿದ್ದರು. ಸಾಹುಕಾರರು ಆ ಕಡೆ ನೋಡದೆ ಕೂತಿದ್ದರು.

ಗೇಟಿನ ಮುಂದೆ ನೆಲದ ಮೇಲೆ ಭಾಗ್ಯ ಎಂಬ ಎಳೆ ಹುಡುಗಿ ಬಿದ್ದು ಹೊರಳಾಡುತ್ತಿದ್ದಳು. ಅವಳ ಗಂಡ ಸಾಯಬಣ್ಣ ಯಂತ್ರದ ಮಗ್ಗುಲಲ್ಲೇ ಕೆಲಸ ಮಾಡುವವನು. ಶ್ರದ್ಧಾಂಜಲಿ ಅವನದೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದ ಹೆಂಗಸು ಮಹಾದೇವಿ. ಕಾಶಿನಾಥನ ಹೆಂಡತಿ.

“ಏಳ ಯವ್ವಾ, ಹೊಟ್ಯಾಗ ಕೂಸದ. ನಿನ್ನ ಗಂಡಗ ಏನೂ ಆಗಿಲ್ಲ. ನಮ್ಮ ಮನ್ಯಾಂವ ಸಂಗಾಟ ದವಾಖಾನಿಗೆ ಹೋಗಿರ್ತಾನ, ಅಂವ ಯಾರನ್ನೂ ಬಿಟ್ಟು ಬರಾಂವಲ್ಲ,” ಎನ್ನುತ್ತಿದ್ದಳು.

ಮುಕಾದಮ ಯಾವಾಗಲೂ ಹೊರಗೆ ಲಾರಿಯ ಹತ್ತಿರ ಇರುತ್ತಾನೆ ಎಂಬ ಧೈರ್ಯ ಅವಳದು. ಆ ದಿನ ಅವನು ಒಳಗೆ ಹೋಗಿದ್ದ.

ಸಾಹುಕಾರರು ಕಾರಿನಿಂದಿಳಿದು ಅಲ್ಲೇ ನಿಂತರು. ಮಹಾದೇವಿಯೇ ಕೇಳಿದಳು.

“ಸಾಹುಕಾರ್ರ, ಮೊದಲ ಇಕಿಗೆ ಹೇಳ್ರಿ. ಸಾಯಬಣ್ಣ ಜೀವಂತ ಹಾನಿಲ್ಲೋ?”

“ಹಾನವ್ವ. ಕೈ ಸುಟ್ಟಾವ. ಮಾತಾಡ್ಲಾಕತ್ತಾನ,” ಎಂದೆ ನಾನು.

ಭಾಗ್ಯ ಎದ್ದು ಕೂತಳು. ಮಹಾದೇವಿ ಅವಳ ಮುಖ ಒರೆಸಿದಳು. ಆಮೇಲೆ ಸಾಹುಕಾರರತ್ತ ನೋಡಿದಳು; ಅವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವಳ ಕೈ ಭಾಗ್ಯಳ ಕೆನ್ನೆಯ ಮೇಲೆಯೇ ನಿಂತುಬಿಟ್ಟಿತು.

“ಹಂಗಾರ ಇದು ನಂದೇನ್ರಿ?” ಎಂದಳು.

ಸಾಹುಕಾರರು ನೆಲದ ಮೇಲೆ ಕೂತು ಅವಳ ಕಾಲ ಹತ್ತಿರ ಅತ್ತರು. ಅವಳು ಆಗ ಅಳಲಿಲ್ಲ. ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಸುತ್ತ ಬಂದು ಕೂತರು. ಅವರ ಮುಖದಲ್ಲಿ ದುಃಖದ ಜೊತೆ ಇನ್ನೊಂದಿತ್ತು, ತಮ್ಮವರಲ್ಲ ಎಂಬ ಬಿಡುಗಡೆ. ಅದನ್ನು ಮುಚ್ಚಿಡಲು ಅವರು ಪಡುತ್ತಿದ್ದ ಕಷ್ಟವನ್ನು ನಾನು ನೋಡಬಾರದಿತ್ತು.

ಅಲ್ಲಿಂದಲೇ ಫೋನ್ ಮಾಡಿ ಪುಟ ತೆರೆಸಿದೆ. ಕಾಶಿನಾಥನ ಹೆಸರು, ಉಳಿದ ಎಂಟು ಹೆಸರು, ಯಾರು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂಬುದು, ನಮಗೆ ಗೊತ್ತಿರುವುದು, ಇನ್ನೂ ಗೊತ್ತಿಲ್ಲದಿರುವುದು, ಮತ್ತೆ ಯಾವಾಗ ತಿಳಿಸುತ್ತೇವೆ ಎಂಬುದು. ಇಂಗ್ಲಿಷ್‌ನಲ್ಲಿ ಇದ್ದದ್ದೆಲ್ಲ ಕನ್ನಡದಲ್ಲೂ ಇತ್ತು. ಮುಂದೆ ಇದನ್ನೇ ಕಂಪನಿಯ ನಿಯಮವಾಗಿ ಬರೆದೆವು: ಮೊದಲು ಮನೆಯವರಿಗೆ ಬಾಯಿಂದ, ತಡಮಾಡದೆ ಹೇಳಬೇಕು; ಅದಾದ ಕೂಡಲೇ ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಸಬೇಕು; ಪುಟವನ್ನು ಯಾರೊಬ್ಬರ ಫೋನ್ ಕರೆಯ ಮೇಲೆ ಮುಚ್ಚುವಂತಿಲ್ಲ. ಸಾಹುಕಾರರೇ ಮೊದಲು ಸಹಿ ಹಾಕಿದರು.

ಆದರೆ ನನ್ನ ಕೆಲಸ ನನಗೆ ಕಲಿಸಿದ್ದು ಆ ನಿಯಮಕ್ಕಿಂತ ಕಠಿಣವಾದದ್ದು. ಕೆಲವು ತಿಂಗಳ ಮೇಲೆ ತನಿಖೆಯ ವರದಿ ಬಂತು. ದೂಳು ಎಳೆಯುವ ಯಂತ್ರ ಕೆಟ್ಟಿತ್ತು, ಸುಗ್ಗಿ ಮುಗಿಯಲಿ ಎಂದು ರಿಪೇರಿಯನ್ನು ಮುಂದಕ್ಕೆ ಹಾಕಿದ್ದರು. ವಾರ್ಷಿಕ ವರದಿಯಲ್ಲಿ ಕಾಶಿನಾಥನ ಫೋಟೋ ಹಾಕಿ ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದು ನಿರ್ದೇಶಕರ ಸಭೆಯಲ್ಲಿ ಒಪ್ಪಿಗೆಯಾಯಿತು. ಕಾರಣ ಬರೆಯುವುದು ಬೇಡ, ಷೇರು ಬೆಲೆ ಬೀಳುತ್ತದೆ ಎಂದರು ವಕೀಲರು. ಫೋಟೋಕ್ಕೆ ಒಪ್ಪಿಗೆ ಕೇಳಲು ನಾನು ಮಹಾದೇವಿಯ ಮನೆಗೆ ಹೋದೆ. ಅವಳು ಫೋಟೋ ತಂದು ನನ್ನ ಕೈಗೆ ಕೊಟ್ಟಳು.

“ಹಾಕ್ರಿ. ಛಲೋ ಮನಶ್ಯಾ ಇದ್ದ ಅಂತ ಬರ್ಯೂದ್ ಬ್ಯಾಡ, ಅದು ನಮಗ ಗೊತ್ತದ. ಯಾಕ ಸತ್ತ ಅನ್ನೂದು ಬರೀರಿ.”

ಆ ವಾಕ್ಯವನ್ನು ನಾನು ಸಭೆಯಲ್ಲಿ ಹಾಗೇ ಓದಿದೆ. ನಿರ್ದೇಶಕರು ವಕೀಲರ ಮಾತನ್ನು ಬದಿಗಿಟ್ಟರು. ಕಾರಣವನ್ನು ಬರೆದೆವು, ಷೇರು ಬೆಲೆ ಬಿತ್ತು. ಕಂಪನಿಯ ಮಾತನ್ನು ಓದುವವರಲ್ಲಿ ಹಣ ಹಾಕಿದವರಷ್ಟೇ ಅಲ್ಲ, ಮನೆಯ ಮನುಷ್ಯನನ್ನು ಕೆಲಸಕ್ಕೆ ಕಳಿಸಿಕೊಟ್ಟವರೂ ಇರುತ್ತಾರೆ. ಅಂದಿನಿಂದ ಯಾವುದೇ ಹೇಳಿಕೆಗೆ ಸಹಿ ಮಾಡುವ ಮೊದಲು, ಇದನ್ನು ಮಹಾದೇವಿಯ ಎದುರು ಕೂತು ಓದಬಲ್ಲೆನೇ ಎಂದು ಕೇಳಿಕೊಳ್ಳುತ್ತೇನೆ. ಓದಲಾರೆ ಅನಿಸಿದರೆ ತಿದ್ದುತ್ತೇನೆ.