ಗದಗಿನ ಲೆಕ್ಕಕ್ಕೆ ಬಿದ್ದ ಪೇಟೆಂಟ್

ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪೇಟೆಂಟುಗಳನ್ನು ಜಿಲ್ಲೆವಾರು ಎಣಿಸುವುದು ನನ್ನ ಕೆಲಸವಾಗಿತ್ತು. ಹೊಸದನ್ನು ಕಂಡುಹಿಡಿಯುವ ಬುದ್ಧಿ ಯಾವ ಸೀಮೆಯಲ್ಲಿ ಎಷ್ಟಿದೆ ಎಂಬುದನ್ನು ಪೇಟೆಂಟುಗಳ ಸಂಖ್ಯೆಯಿಂದಲೇ ಅಳೆಯಬಹುದೆಂದು ನಮ್ಮ ಮುಖ್ಯಸ್ಥರು ನಂಬಿದ್ದರು. ನನಗೆ ಅಷ್ಟು ನಂಬಿಕೆಯಿರಲಿಲ್ಲ. ಆದರೂ ಸಂಬಳ ತೆಗೆದುಕೊಂಡು ಎಣಿಸುತ್ತಿದ್ದೆ.

ಮೊದಲು ಅರ್ಜಿ ಹಾಕಿದ ಕಂಪನಿಯ ವಿಳಾಸ ನೋಡಿ ಎಣಿಸಿದೆವು. ಕಾರ್ಖಾನೆ ಪುಣೆಗಂಟಿದ ಪಿಂಪರಿಯಲ್ಲಿದ್ದರೂ ಹೆಡ್ಡಾಫೀಸು ಮುಂಬಯಿಯಲ್ಲಿ. ಹಾಗಾಗಿ ಪುಣೆಯವರು ತಲೆ ಓಡಿಸಿ ಮಾಡಿದ್ದೆಲ್ಲ ಮುಂಬಯಿಯ ಲೆಕ್ಕಕ್ಕೆ ಹೋಯಿತು. ಕಂಪನಿ ಬಿಡಿ, ಕಂಡುಹಿಡಿದವನ ವಿಳಾಸ ನೋಡೋಣ ಎಂದು ನಾನೇ ಸೂಚಿಸಿದೆ. ಪುಣೆಯ ಅಂಕಿ ಚೆನ್ನಾಗಿ ಏರಿತು. ಮುಖ್ಯಸ್ಥರು ಹಿಗ್ಗಿದರು, ನಾನೂ ಒಳಗೊಳಗೇ ಬೀಗಿದೆ.

ಆಮೇಲೆ ನೋಡಿದರೆ ಪಟ್ಟಿಯಲ್ಲಿ ಗದಗ! ಆಗಷ್ಟೇ ಜಿಲ್ಲೆಯಾಗಿದ್ದ ನಮ್ಮೂರಲ್ಲಿ, ಪಂಪಿನ ನೀರು ಸೋರದಂತೆ ತಡೆಯುವ ಸೀಲನ್ನು ಯಾವ ಪುಣ್ಯಾತ್ಮ ಕಂಡುಹಿಡಿದನಪ್ಪಾ ಎಂದು ಹೆಸರು ಹುಡುಕಿದೆ. ನನ್ನ ಸ್ವಂತ ಅಣ್ಣ. ಅವನು ಗದಗ ಬಿಟ್ಟು ಪುಣೆಯ ಪಂಪ್ ಕಾರ್ಖಾನೆ ಸೇರಿದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ.

ಭಾನುವಾರ ಅವನ ಕ್ವಾರ್ಟರ್ಸಿಗೆ ಹೋದೆ. ಅಲ್ಲಿ ಬೇರೆಯೇ ಬಿಸಿ. ಅಣ್ಣ ಆ ವರ್ಷ ರಿಟೈರ್ ಆಗುವವನಿದ್ದ, ಕ್ವಾರ್ಟರ್ಸ್ ಬಿಡಬೇಕಿತ್ತು. ಅವನ ಹೆಂಡತಿ, ನಮ್ಮ ವೈನಿ, ಸ್ವಾರಗೇಟಿನಾಚೆ ಧನಕವಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟ್ ನೋಡಿಟ್ಟಿದ್ದರು. ಪುಣೆಯಲ್ಲಿ ತಮ್ಮದೆನ್ನುವ ಒಂದು ಮನೆ, ಅವರಿಗಿದ್ದದ್ದು ಅದೊಂದೇ ಆಸೆ. ಊರಲ್ಲಿ ಅಪ್ಪನ ಮನೆಯಿರುವಾಗ ಇಲ್ಲೇಕೆ ಎಂದು ಅಣ್ಣ ಮುಂಗಡ ಕೊಡಲು ಒಪ್ಪಿರಲಿಲ್ಲ.

"ಅಣ್ಣಾ, ಆ ಸೀಲು ಗದಗದಾಗ ಮಾಡಿದ್ಯೇನು?" ಎಂದು ಕೆಣಕಿದೆ.

"ಅರ್ಜಿಯೊಳಗ ವಿಳಾಸ ಕೇಳಿದ್ರು. ಕ್ವಾರ್ಟರ್ಸ್ ಏನು ನಂದಾ? ಖಾಯಂ ವಿಳಾಸ ಅಂದ್ರ ಗದಗ."

ಅದರಿಂದ ನಮ್ಮ ಎಣಿಕೆ ಹೇಗೆ ಎಡವಟ್ಟಾಯಿತೆಂದು ವಿವರಿಸಿದೆ. ಅವನ ಮುಖ ಅರಳಿತು.

"ಹಂಗಾದ್ರ ಗದಗಿಗೂ ಒಂದು ಬಂತಲ್ಲೋ! ಇರಲಿ ಬಿಡು ತಮ್ಮಾ, ತಗೀಬ್ಯಾಡ."

ವೈನಿ ಗಿರಮಿಟ್ ತಂದಿಟ್ಟರು. "ಆ ಮನ್ಯಾಗ ನಿಮ್ಮ ಕಾಕಾನ ಮಗ ಮೆಣಸಿನಕಾಯಿ ಚೀಲ ಒಟ್ಟ್ಯಾನ್ರಿ. ಚೀಲದ ಮ್ಯಾಲೆ ಸಂಸಾರ ಮಾಡೋಣೇನು?"

"ನಾ ಒಂದು ಮಾತು ಹೇಳಿದ್ರ ತಗೀತಾನ," ಎಂದ ಅಣ್ಣ. ವೈನಿ ಒಳಗೆ ಹೋದರು.

ನನಗೆ ಸಿಟ್ಟೇ ಬಂತು. ಕೂದಲೆಳೆಯಷ್ಟು ಸಂದಿಯಲ್ಲಿ ನೀರು ಸೋರುವುದನ್ನು ಹಿಡಿಯುವವನಿಗೆ ಹೆಂಡತಿಯ ಮುಖ ಕಾಣಲಿಲ್ಲ. ಆದರೆ ಹಿರಿಯಣ್ಣ, ಏನನ್ನಲಿ? ಗಿರಮಿಟ್ ತಿಂದು ಬಂದೆ.

ಹುಡುಕಿದಾಗ ಸಾತಾರ, ಬಿಜಾಪುರ ಎಂದು ಹುಟ್ಟೂರು ಬರೆದವರು ಇನ್ನೂ ಕೆಲವರು ಸಿಕ್ಕರು. ಬರೆದದ್ದನ್ನೇ ಎಣಿಸಬೇಕು, ಮನಸ್ಸಿಗೆ ಬಂದಂತೆ ತಿದ್ದುವಂತಿಲ್ಲ ಎಂದರು ಮುಖ್ಯಸ್ಥರು. ಹೆತ್ತವರಿಗೆ ಹೆಗ್ಗಣ ಮುದ್ದು, ಅವರಿಗೆ ತಮ್ಮ ಎಣಿಕೆ. ಪಟ್ಟಿ ಹಾಗೇ ಅಚ್ಚಿಗೆ ಹೋಯಿತು.

ರಿಟೈರಾದ ಮೇಲೆ ಅಣ್ಣ ಸಾಮಾನನ್ನೆಲ್ಲ ಲಾರಿಗೆ ಹೇರಿ ವೈನಿಯೊಡನೆ ಗದಗಿಗೆ ಹೋದ. ತಿಂಗಳು ಕಳೆದಿರಬಹುದು, ಫೋನ್ ಮಾಡಿದ.

"ತಮ್ಮಾ, ಧನಕವಡಿ ಫ್ಲ್ಯಾಟ್ ಇನ್ನೂ ಅದ ಏನು, ಕೇಳಿ ನೋಡು."

"ಯಾಕ, ಅವ ಚೀಲ ತಗೀಲಿಲ್ಲೇನು?"

"ಭಾಳ ಮರ್ಯಾದಿ ಮಾಡ್ತಾನ. ದಿನಾ ಊಟಕ್ಕ ಕರೀತಾನ. ಚೀಲದ ಮಾತು ತಗದ್ರ ಮಾತ್ರ, ಪುಣೆದವ್ರು ನೀವು, ಎಷ್ಟು ದಿನಾ ಇರಾವ್ರು ಅಂತ ನಗತಾನ. ಪಡಸಾಲಿಯೊಳಗ ಇದ್ದೇವಿ." ಅಣ್ಣನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮರುದಿನವೇ ಹೋಗಿ ವಿಚಾರಿಸಿದೆ. ಅದು ಮಾರಿಹೋಗಿತ್ತು. ಆ ಕಟ್ಟಡದಲ್ಲಿ ಬೇರೆ ಯಾವುದೂ ಖಾಲಿ ಇರಲಿಲ್ಲ. ಹೇಗೆ ಹೇಳಲಿ ಎಂದುಕೊಳ್ಳುತ್ತಲೇ ಗದಗಿಗೆ ಫೋನ್ ಮಾಡಿದೆ. ಎತ್ತಿದ್ದು ವೈನಿ.

"ಮಾರಿ ಹೋಗ್ಯದ, ಹೌದಲ್ರೀ?"

"ನಿಮಗ ಹೆಂಗ ಗೊತ್ತಾತ್ರಿ ವೈನಿ?"

"ಪುಣೆ ಬಿಡೋ ಹಿಂದಿನ ದಿನ ಹೋಗಿ ನೋಡಿ ಬಂದಿದ್ದೆ. ಹೊಸಾ ಮಂದಿ ಬಾಗಲಿಗೆ ತೋರಣ ಕಟ್ಟಾಕತ್ತಿದ್ರು."

"ಅಣ್ಣಗ ಯಾಕ ಹೇಳಲಿಲ್ರಿ?"

"ಅವ್ರು ಕೇಳಲೇ ಇಲ್ಲಲ್ರೀ."

ಅಷ್ಟು ಹೇಳಿ ಫೋನನ್ನು ಅಣ್ಣನ ಕೈಗೆ ಕೊಟ್ಟರು.